ಕಣ್ಣಿಗೆ ಒಂದೇ, ಕಿವಿಗೆ ಎರಡು

ಇಂಗ್ಲೆಂಡಿನಲ್ಲಿ ಹಕ್ಕಿ ನೋಡುವ ಹುಚ್ಚು ಹತ್ತಿದವರಿಗೆ ಮೊದಲ ವಸಂತದಲ್ಲೇ ಒಂದು ಜೋಡಿ ಎದುರಾಗುತ್ತದೆ. ಒಂದರ ಹೆಸರು ಚಿಫ್‌ಚಾಫ್, ಇನ್ನೊಂದು ವಿಲ್ಲೋ ವಾರ್ಬ್ಲರ್. ಎರಡೂ ಗುಬ್ಬಿಗಿಂತ ಚಿಕ್ಕವು. ಎರಡರ ಬೆನ್ನೂ ಹಸಿರು ಬೆರೆತ ಕಂದು, ಹೊಟ್ಟೆ ಮಾಸಲು ಹಳದಿ, ಕಣ್ಣಿನ ಮೇಲೆ ತೆಳ್ಳಗೆ ಹುಬ್ಬಿನಂಥ ಗೀರು. ತೂಕ 7ರಿಂದ 10 ಗ್ರಾಂ. ಕೂತಲ್ಲಿ ಕೂರುವುದಿಲ್ಲ, ಎಲೆ ಎಲೆ ತಡಕಿ ಹುಳ ಹೆಕ್ಕುತ್ತಲೇ ಇರುತ್ತವೆ. ನೀವು ಬೈನಾಕ್ಯುಲರ್ ಎತ್ತುವ ಹೊತ್ತಿಗೆ ಹಕ್ಕಿ ಮುಂದಿನ ಕೊಂಬೆಗೆ ಹೋಗಿರುತ್ತದೆ.

ಇಲ್ಲಿನ ಕನ್ನಡದ ಗೆಳೆಯರ ಜೊತೆ ಒಮ್ಮೆ ಕಾಡಿನ ದಾರಿಯಲ್ಲಿ ನಡೆಯುವಾಗ ಈ ಎರಡರ ಬಗ್ಗೆ ಉತ್ಸಾಹದಿಂದ ಹೇಳುತ್ತಿದ್ದೆ. ಒಬ್ಬರು ತಡೆದು, "ಅಲ್ಲ ಮಾರಾಯ್ರೇ, ಅಷ್ಟೊಂದು ಒಂದೇ ಥರ ಇದ್ರೆ ಅವು ಎರಡು ಅಂತ ಹೇಳಿದ್ದು ಯಾರು?" ಎಂದರು. ತಮಾಷೆಗೆ ಕೇಳಿದ್ದು. ಆದರೆ ಪ್ರಶ್ನೆ ತುಂಬ ಸರಿಯಾಗಿತ್ತು.

ಹಕ್ಕಿ ಪುಸ್ತಕ ತೆರೆದರೆ ವ್ಯತ್ಯಾಸಗಳು ಸಿಗುತ್ತವೆ. ಚಿಫ್‌ಚಾಫ್‌ನ ಕಾಲು ಕಪ್ಪು, ವಿಲ್ಲೋ ವಾರ್ಬ್ಲರಿನದು ತಿಳಿ ಕಂದು. ವಿಲ್ಲೋ ಸ್ವಲ್ಪ ಜಾಸ್ತಿ ಹಳದಿ, ಹುಬ್ಬಿನ ಗೀರು ಎದ್ದು ಕಾಣುತ್ತದೆ. ಚಿಫ್‌ಚಾಫ್ ಮೇವು ಹುಡುಕುವಾಗ ಬಾಲವನ್ನು ಪದೇ ಪದೇ ಕೆಳಕ್ಕೆ ಅದ್ದುತ್ತದೆ. ಚಿತ್ರದಲ್ಲಿ ಇದನ್ನೆಲ್ಲ ಪುಟ್ಟ ಬಾಣ ಹಾಕಿ ತೋರಿಸಿರುತ್ತಾರೆ. ಆ ಬಾಣಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಒಂದೊಂದಕ್ಕೂ ಅಪವಾದ ಉಂಟು. ಕಾಲು ಕಪ್ಪಗಿರುವ ವಿಲ್ಲೋ ಇದೆ, ಕಂದು ಕಾಲಿನ ಚಿಫ್‌ಚಾಫ್ ಇದೆ. ಶರತ್ಕಾಲದಲ್ಲಿ ಹೊಸ ಗರಿ ಬಂದ ಮರಿಗಳು ಎರಡರಲ್ಲೂ ಹಳದಿ ಬಳಿದುಕೊಂಡು ಓಡಾಡುತ್ತವೆ. ಬಾಣ ತೋರಿಸುವುದು ಸರಾಸರಿಯನ್ನು. ಕೊಂಬೆಯ ಮೇಲೆ ಕೂತಿರುವುದು ಒಂದು ಹಕ್ಕಿ.

ಆದರೆ ಹಾಡಲು ಶುರು ಮಾಡಿದರೆ ಮಕ್ಕಳೂ ಗುರುತಿಸಬಹುದು. ಚಿಫ್‌ಚಾಫ್ ತನ್ನ ಹೆಸರನ್ನೇ ಕೂಗಿಕೊಳ್ಳುತ್ತದೆ. ಎರಡೇ ಸ್ವರ, ಹಿಂದೆ ಮುಂದೆ, ಬೇಸರವೇ ಇಲ್ಲದೆ. ವಿಲ್ಲೋ ವಾರ್ಬ್ಲರ್ ಮೇಲಿನ ಸ್ವರದಲ್ಲಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದು ಕೊನೆಯಲ್ಲಿ ಮೆತ್ತಗೆ ನಿಲ್ಲಿಸುತ್ತದೆ. ಎರಡು ಹಾಡಿಗೂ ಸಂಬಂಧವೇ ಇಲ್ಲ.

ಗೆಳೆಯರ ಪ್ರಶ್ನೆಗೆ ಉತ್ತರ ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದೆ. ಅಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್ 1768ರ ಆಗಸ್ಟ್‌ನಲ್ಲಿ ಥಾಮಸ್ ಪೆನಂಟ್ ಎಂಬ ಪ್ರಾಣಿಶಾಸ್ತ್ರದ ವಿದ್ವಾಂಸರಿಗೆ ಒಂದು ಕಾಗದ ಬರೆದರು. ಎಲ್ಲರೂ ಒಟ್ಟಿಗೆ ವಿಲ್ಲೋ ರೆನ್ ಎಂದು ಕರೆಯುವ ಹಕ್ಕಿಗಳಲ್ಲಿ ನಿಜವಾಗಿ ಮೂರು ಜಾತಿಗಳಿವೆ, ಅದರಲ್ಲಿ ಈಗ ಅನುಮಾನವಿಲ್ಲ, ಏಕೆಂದರೆ ಮೂರರ ಕೂಗೂ ಬೇರೆ ಬೇರೆ, ಅದು ಎಂದೂ ತಪ್ಪುವುದಿಲ್ಲ ಎಂಬುದು ಅದರ ಸಾರ. ಅದಕ್ಕೆ ಹತ್ತು ವರ್ಷ ಮೊದಲು, 1758ರಲ್ಲಿ, ಜೀವಿಗಳಿಗೆಲ್ಲ ಲ್ಯಾಟಿನ್ ಹೆಸರಿಟ್ಟು ಪಟ್ಟಿ ಮಾಡಿದ ಸ್ವೀಡನ್ನಿನ ಲಿನೇಯಸ್ ಇವನ್ನು ಒಟ್ಟಿಗೆ ಹಾಕಿ ಮೊಟಾಸಿಲ್ಲಾ ಟ್ರೋಕಿಲಸ್ ಎಂಬ ಒಂದೇ ಹೆಸರು ಕೊಟ್ಟಿದ್ದರು. ಈಗ ಆ ಹೆಸರಿನ ಎರಡನೆಯ ಭಾಗ ಉಳಿದಿರುವುದು ವಿಲ್ಲೋ ವಾರ್ಬ್ಲರಿಗೆ ಮಾತ್ರ. ಚಿಫ್‌ಚಾಫ್‌ಗೆ ಅದರದೇ ಲ್ಯಾಟಿನ್ ಹೆಸರು ಸಿಗಲು 1810ರ ದಶಕ ಬರಬೇಕಾಯಿತು. ಹಳ್ಳಿಯ ಪಾದ್ರಿ ಹಿತ್ತಲಲ್ಲಿ ನಿಂತು ಕೇಳಿಸಿಕೊಂಡದ್ದು ಪಟ್ಟಿಯಲ್ಲಿ ಸೇರಲು ಸುಮಾರು ಅರ್ಧ ಶತಮಾನ.

ಅದೇ ಕಾಗದದಲ್ಲಿ ವೈಟ್ ಇನ್ನೊಂದು ಕೆಲಸ ಮಾಡಿದ್ದಾರೆ. ಮೂರೂ ಹಕ್ಕಿಗಳನ್ನು ಎದುರಿಗೆ ಇಟ್ಟುಕೊಂಡು ನೋಡಿದ್ದಾರೆ. ಇಂದಿನಂಥ ಬೈನಾಕ್ಯುಲರ್ ಇಲ್ಲದ ಕಾಲ, ಹತ್ತಿರದಿಂದ ನೋಡಬೇಕೆಂದರೆ ಬಂದೂಕೇ ಗತಿ. ಮೂರರಲ್ಲಿ ತೀರ ಚಿಕ್ಕದರ ಕಾಲು ಕಪ್ಪು, ಉಳಿದೆರಡರದು ಮೈಬಣ್ಣದ್ದು. ತುಂಬ ಹಳದಿಯಾದದ್ದು ಎಲ್ಲಕ್ಕಿಂತ ದೊಡ್ಡದು, ರೆಕ್ಕೆಗರಿಯ ತುದಿಯಲ್ಲಿ ಬಿಳಿ ಇರುವುದು ಅದೊಂದಕ್ಕೇ. ಅದು ಬೀಚ್ ಮರಗಳ ಎತ್ತರದಲ್ಲಿ ಇರುತ್ತದೆ, ಮಿಡತೆಯಂತೆ ಸದ್ದು ಮಾಡುತ್ತದೆ, ಹಾಡುವಾಗ ರೆಕ್ಕೆ ನಡುಗಿಸುತ್ತದೆ. ಇದನ್ನು ಈಗ ವುಡ್ ವಾರ್ಬ್ಲರ್ ಎನ್ನುತ್ತಾರೆ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಕೆಲಸ ನಡೆದ ಕ್ರಮ. ಕಪ್ಪು ಕಾಲು ನೋಡಿ ಎರಡು ಜಾತಿ ಎಂದು ವೈಟ್ ಹೇಳಲಿಲ್ಲ. ಕಿವಿ ಮೊದಲು ಮೂರು ಗುಂಪು ಮಾಡಿಕೊಟ್ಟಿತು. ಆಮೇಲೆ ಕಣ್ಣು ಆ ಗುಂಪುಗಳಲ್ಲಿ ವ್ಯತ್ಯಾಸ ಹುಡುಕಿತು. ಗುಂಪು ಮೊದಲೇ ಆಗದಿದ್ದರೆ ಆ ಕಾಲುಗಳ ಬಣ್ಣ ಯಾರಿಗೂ ಏನೂ ಹೇಳುತ್ತಿರಲಿಲ್ಲ. ವಯಸ್ಸಿನದೋ ಗಂಡು ಹೆಣ್ಣಿನದೋ ವ್ಯತ್ಯಾಸ ಇರಬೇಕು ಎಂದು ಬಿಟ್ಟುಬಿಡುತ್ತಿದ್ದರು. ಪುಸ್ತಕದ ಬಾಣಗಳೆಲ್ಲ ಹೀಗೆ ಹಿಂದಿನಿಂದ ಬಂದವು ಎಂಬುದು ನನ್ನ ಅಂದಾಜು. ಎರಡು ಇವೆ ಎಂದು ಇನ್ನಾವುದೋ ದಾರಿಯಲ್ಲಿ ಗೊತ್ತಾದ ಮೇಲೆ ಬಾಣ ಹಾಕಲು ಜಾಗ ಹುಡುಕುತ್ತಾರೆ.

ಹಾಗಂತ ಮೈಮೇಲೆ ಗಟ್ಟಿ ಗುರುತು ಇಲ್ಲವೇ ಇಲ್ಲ ಎಂದಲ್ಲ. ಇದೆ, ಆದರೆ ದೂರದಿಂದ ಕಾಣುವ ಜಾಗದಲ್ಲಿ ಇಲ್ಲ. ನಮ್ಮೂರಿನ ಹತ್ತಿರ ಹಕ್ಕಿಗಳಿಗೆ ರಿಂಗ್ ಹಾಕುವ ಒಂದು ಗುಂಪಿದೆ. ಬೆಳಕು ಹರಿಯುವ ಮುಂಚೆ ಪೊದೆಗಳ ನಡುವೆ ತೆಳು ಬಲೆ ಕಟ್ಟುತ್ತಾರೆ. ಸಿಕ್ಕ ಹಕ್ಕಿಯನ್ನು ಬಟ್ಟೆ ಚೀಲದಲ್ಲಿ ತಂದು, ಅಳೆದು, ತೂಗಿ, ಕಾಲಿಗೆ ನಂಬರ್ ಇರುವ ರಿಂಗ್ ತೊಡಿಸಿ ಬಿಡುತ್ತಾರೆ. ಇದಕ್ಕೆ ಲೈಸೆನ್ಸ್ ಬೇಕು, ಅದಕ್ಕೆ ಮೊದಲು ದೀರ್ಘ ತರಬೇತಿ ಬೇಕು. ನಾನು ಸುಮ್ನೆ ಪಕ್ಕದಲ್ಲಿ ಕೂತು ನೋಡುವವನು, ಹೆಚ್ಚೆಂದರೆ ಲೆಕ್ಕ ಬರೆದುಕೊಡುವವನು.

ಅಲ್ಲಿ ಯಾರೂ ಕಾಲಿನ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ನೇರ ರೆಕ್ಕೆ ಬಿಡಿಸುತ್ತಾರೆ. ಉದ್ದವೂ ಕೈ ಕೊಡುತ್ತದೆ, ಏಕೆಂದರೆ ದೊಡ್ಡ ಗಂಡು ಚಿಫ್‌ಚಾಫ್‌ನ ರೆಕ್ಕೆಯೂ ಚಿಕ್ಕ ಹೆಣ್ಣು ವಿಲ್ಲೋದ ರೆಕ್ಕೆಯೂ 60ರಿಂದ 64 ಮಿಲಿಮೀಟರ್ ಆಸುಪಾಸಿನಲ್ಲಿ ಒಂದಕ್ಕೊಂದು ಸರಿಸಮ. ನೋಡಬೇಕಾದದ್ದು ಗರಿಯ ಆಕಾರ. ರೆಕ್ಕೆಯ ತುದಿಯ ಕೆಲವು ಉದ್ದ ಗರಿಗಳ ಹೊರ ಅಂಚು ಅರ್ಧ ದಾರಿಯಲ್ಲಿ ಕೆತ್ತಿದಂತೆ ಒಳಕ್ಕೆ ಸರಿದು ಕಿರಿದಾಗುತ್ತದೆ. ಹೊರಗಿನ ಪುಟ್ಟ ಗರಿಯಿಂದ ಎಣಿಸುತ್ತ ಬಂದರೆ ವಿಲ್ಲೋದಲ್ಲಿ ಈ ಕೆತ್ತು ಮೂರು, ನಾಲ್ಕು, ಐದನೆಯ ಗರಿಗಳಲ್ಲಿದೆ. ಚಿಫ್‌ಚಾಫ್‌ನಲ್ಲಿ ಆರನೆಯದರಲ್ಲೂ ಇದೆ. ಅಷ್ಟೇ. ಒಂದೇ ಒಂದು ಗರಿಯ ಅಂಚು. ಉಗುರಿನ ತುದಿಯಿಂದ ಆ ಗರಿಯನ್ನು ಪಕ್ಕಕ್ಕೆ ಸರಿಸಿ ನೋಡಿ ರಿಂಗರ್ ಎರಡು ಸೆಕೆಂಡಿನಲ್ಲಿ ಹೆಸರು ಹೇಳಿಬಿಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಈ ಗುರುತು ನನಗೆ ಇಷ್ಟ, ಏಕೆಂದರೆ ಅದರ ಹಿಂದೆ ಒಂದು ಬದುಕು ಇದೆ. ಚಿಫ್‌ಚಾಫ್ ಚಳಿಗಾಲಕ್ಕೆ ಬಹಳ ದೂರ ಹೋಗುವುದಿಲ್ಲ. ಮೆಡಿಟರೇನಿಯನ್ ಸುತ್ತಮುತ್ತ, ಇಲ್ಲವೇ ಪಶ್ಚಿಮ ಆಫ್ರಿಕಾ. ಕೆಲವಂತೂ ಇಂಗ್ಲೆಂಡಿನ ದಕ್ಷಿಣದಲ್ಲೇ ಉಳಿದುಬಿಡುತ್ತವೆ. ವಿಲ್ಲೋ ವಾರ್ಬ್ಲರ್ ಸಹಾರಾ ದಾಟಲೇಬೇಕು. ಸೈಬೀರಿಯಾದ ಪೂರ್ವದಲ್ಲಿ ಹುಟ್ಟುವ ವಿಲ್ಲೋಗಳು ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತವೆ, ಒಂದು ಕಡೆಗೇ 12 ಸಾವಿರ ಕಿಲೋಮೀಟರಿಗೂ ಜಾಸ್ತಿ, ಹತ್ತು ಗ್ರಾಂ ಮೈ ಹೊತ್ತುಕೊಂಡು. ದೂರ ಹಾರುವುದಕ್ಕೆ ಉದ್ದ, ಚೂಪು ರೆಕ್ಕೆ ಬೇಕು. ಪೊದೆಯೊಳಗೆ ತಿರುಗಾಡಲು ಗಿಡ್ಡ, ಗುಂಡಗಿನ ರೆಕ್ಕೆ ಸಾಕು. ಆರನೆಯ ಗರಿಯ ಆ ಕೆತ್ತು ಗುಂಡಗಿನ ರೆಕ್ಕೆಯ ಒಂದು ಭಾಗ. ಇನ್ನೂ ಒಂದು ವಿಚಿತ್ರ ಇದೆ. ವಿಲ್ಲೋ ವಾರ್ಬ್ಲರ್ ವರ್ಷಕ್ಕೆ ಎರಡು ಸಲ ಮೈಯ ಎಲ್ಲ ಗರಿಗಳನ್ನೂ ಬದಲಾಯಿಸುತ್ತದೆ. ಒಮ್ಮೆ ಇಲ್ಲಿ ಮರಿ ಮಾಡಿದ ಮೇಲೆ, ಇನ್ನೊಮ್ಮೆ ಆಫ್ರಿಕಾದಲ್ಲಿ. ಹೀಗೆ ಮಾಡುವ ಸಣ್ಣ ಹಕ್ಕಿಗಳು ಬೆರಳೆಣಿಕೆಯಷ್ಟು. ಏಪ್ರಿಲ್‌ನಲ್ಲಿ ಅದು ಬಂದಾಗ ಗರಿಗಳು ಹೊಸದಾಗಿ ಹೊಳೆಯುತ್ತಿರುತ್ತವೆ, ಆಗ ಚಿಫ್‌ಚಾಫ್‌ನದು ಸವೆದಿರುತ್ತದೆ.

ಇನ್ನು ಟಿಟ್ ಹಕ್ಕಿಗಳ ಕಥೆ. ಮಾರ್ಶ್ ಟಿಟ್, ವಿಲ್ಲೋ ಟಿಟ್. ಕಪ್ಪು ಟೋಪಿ, ಬಿಳಿ ಕೆನ್ನೆ, ಬೂದುಗಂದು ಮೈ. ಸ್ವಿಟ್ಜರ್ಲೆಂಡಿನ ಕಾನ್ರಾಡ್ ಫಾನ್ ಬಾಲ್ಡೆನ್‌ಸ್ಟೈನ್ 1827ರಲ್ಲೇ ಆಲ್ಪ್ಸ್ ಬೆಟ್ಟಗಳಲ್ಲಿ ಎರಡನೆಯದನ್ನು ಬೇರೆ ಮಾಡಿ ಹೇಳಿದ್ದರು. ಬ್ರಿಟನ್ನಿನಲ್ಲಿ ಮಾತ್ರ ಇರುವುದು ಒಂದೇ ಎಂದು ಇನ್ನೂ ಎಪ್ಪತ್ತು ವರ್ಷ ನಂಬಿದ್ದರು. 1897ರಲ್ಲಿ ಎರ್ನ್‌ಸ್ಟ್ ಹಾರ್ಟರ್ಟ್ ಮತ್ತು ಓಟ್ಟೋ ಕ್ಲೈನ್‌ಶ್ಮಿಟ್ ಎಂಬ ಇಬ್ಬರು ಜರ್ಮನ್ನರು ಮ್ಯೂಸಿಯಂ ಡ್ರಾಯರಿನಲ್ಲಿದ್ದ ಮಾರ್ಶ್ ಟಿಟ್‌ಗಳ ಒಣ ಚರ್ಮಗಳನ್ನು ನೋಡುತ್ತಿದ್ದಾಗ, ಅವುಗಳ ನಡುವೆ ವಿಲ್ಲೋ ಟಿಟ್‌ಗಳು ಮಲಗಿರುವುದು ಕಣ್ಣಿಗೆ ಬಿತ್ತು. ಇಂಗ್ಲಿಷರು ತಾವೇ ಹೊಡೆದು, ತಾವೇ ಚೀಟಿ ಕಟ್ಟಿ ಇಟ್ಟ ಹಕ್ಕಿಗಳು! ಇಲ್ಲಿ ಹಾಡು ಕೇಳುವ ಮಾತೇ ಇರಲಿಲ್ಲ, ಕಣ್ಣೇ ಕೆಲಸ ಮಾಡಿತು. ಆದರೆ ಆ ಇಬ್ಬರು ಎರಡು ಜಾತಿ ಇರುವ ದೇಶದಿಂದ ಬಂದವರು. ಎರಡು ಇರಬಹುದು ಎಂದು ಗೊತ್ತಿದ್ದ ಕಣ್ಣು ಅದು.

ಈ ಎರಡರ ಹೆಸರುಗಳೂ ಸಹಾಯಕ್ಕೆ ಬರುವುದಿಲ್ಲ. ಮಾರ್ಶ್ ಎಂದರೆ ಜೌಗು. ಆದರೆ ಜೌಗಿನಲ್ಲಿ ಸಿಗುವುದು ವಿಲ್ಲೋ ಟಿಟ್, ಮಾರ್ಶ್ ಟಿಟ್ ಇರುವುದು ಹಳೆಯ ಓಕ್ ಕಾಡಿನಲ್ಲಿ. ಒಂದರ ಟೋಪಿ ಹೊಳೆಯುತ್ತದೆ, ಇನ್ನೊಂದರದು ಮಂಕು ಎಂದು ಬಹಳ ಕಾಲ ಹೇಳಿಕೊಡುತ್ತಿದ್ದರು, ಈಗಲೂ ಹೇಳುತ್ತಾರೆ. ಇಂಗ್ಲೆಂಡಿನ ಜನವರಿಯ ಬೆಳಕಿನಲ್ಲಿ ಯಾವುದು ಹೊಳೆಯುತ್ತದೆ ಸ್ವಾಮಿ? ಅದಕ್ಕಿಂತ ಗಟ್ಟಿಯಾದದ್ದು ಕೊಕ್ಕಿನ ಬುಡದಲ್ಲಿದೆ. ಮಾರ್ಶ್ ಟಿಟ್‌ನ ಮೇಲುಕೊಕ್ಕಿನ ಬುಡದಲ್ಲಿ ಒಂದು ತಿಳಿ ಬಣ್ಣದ ಚುಕ್ಕೆ ಇರುತ್ತದೆ, ವಿಲ್ಲೋ ಟಿಟ್‌ನಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಇದು ಸರಿಯಾಗಿ ಪ್ರಚಾರಕ್ಕೆ ಬಂದದ್ದು ಈ ಶತಮಾನದಲ್ಲಿ. ನೂರು ವರ್ಷ ಜನ ಆ ಮುಖವನ್ನೇ ನೋಡುತ್ತಿದ್ದರು, ಟೋಪಿಯ ಹೊಳಪಿನ ಬಗ್ಗೆ ವಾದ ಮಾಡುತ್ತ.

ವಾದ ಏಕೆ ಬೇಕು ಎಂದು ಕೇಳಬಹುದು. 1970ರಿಂದ ಈಚೆಗೆ ಬ್ರಿಟನ್ನಿನಲ್ಲಿ ವಿಲ್ಲೋ ಟಿಟ್ ಸಂಖ್ಯೆ ಶೇಕಡ 90ಕ್ಕೂ ಹೆಚ್ಚು ಕುಸಿದಿದೆ. ಅದು ಕೊಳೆತ ಮರದ ಮೋಟಿನಲ್ಲಿ ತಾನೇ ಗೂಡು ಕೊರೆದುಕೊಳ್ಳುವ ಹಕ್ಕಿ. ಮಾರ್ಶ್ ಟಿಟ್ ಇರುವ ಪೊಟರೆಯನ್ನೇ ಬಳಸುತ್ತದೆ. ಒದ್ದೆ ನೆಲದ ಎಳೆ ಕಾಡು, ಕೊಳೆತ ಮೋಟು ಇದೆಲ್ಲ ಒಂದಕ್ಕೆ ಜೀವ, ಇನ್ನೊಂದಕ್ಕೆ ಬೇಕೇ ಬೇಕೆಂದೇನಿಲ್ಲ. ಎರಡನ್ನೂ ಒಂದೇ ಎಂದು ಎಣಿಸುತ್ತಿದ್ದರೆ ಯಾವ ಜಾಗ ಉಳಿಸಬೇಕೆಂಬುದೇ ಗೊತ್ತಾಗುತ್ತಿರಲಿಲ್ಲ.

ಕಿವಿಯ ಮಾತಿಗೆ ಇನ್ನೊಂದು. ಯುರೋಪಿನ ಊರೂರಿನ ಮಾಡಿನಲ್ಲಿರುವ ಪುಟ್ಟ ಬಾವಲಿ ಪಿಪಿಸ್ಟ್ರೆಲ್. ಬೆಂಕಿಪೊಟ್ಟಣದೊಳಗೆ ಹಿಡಿಯುವಷ್ಟೇ. ಅದು ಒಂದೇ ಜಾತಿ ಎಂದು 1990ರ ದಶಕದವರೆಗೂ ಎಲ್ಲರೂ ತಿಳಿದಿದ್ದರು. ಆಮೇಲೆ ಬಾವಲಿಯ ಕೂಗನ್ನು ನಮಗೆ ಕೇಳುವಂತೆ ಮಾಡುವ ಡಿಟೆಕ್ಟರ್ ಹಿಡಿದವರಿಗೆ ಕೆಲವು 45 ಕಿಲೋಹರ್ಟ್ಸ್ ಸುತ್ತ, ಕೆಲವು 55ರ ಸುತ್ತ ಕೂಗುವುದು ಗೊತ್ತಾಯಿತು. ಡಿಎನ್‌ಎ ನೋಡಿದರೆ ಅವು ಎರಡು ಜಾತಿಯೇ. ಈಗ ಎತ್ತರದ ದನಿಯದಕ್ಕೆ ಸೊಪ್ರಾನೋ ಪಿಪಿಸ್ಟ್ರೆಲ್ ಎಂಬ ಹೆಸರಿದೆ. ನಮ್ಮ ಕಿವಿ 20ಕ್ಕೆ ನಿಂತುಹೋಗುತ್ತದೆ. ಗಿಲ್ಬರ್ಟ್ ವೈಟ್ ಅವರ ಕಿವಿಯೂ ಇಲ್ಲಿ ಏನೂ ಮಾಡುವ ಹಾಗಿರಲಿಲ್ಲ.

ಹಾಡದ, ಕೂಗದ ಜೀವಿಗಳ ಪಾಡು ಬೇರೆ. ವುಡ್ ವೈಟ್ ಎಂಬ ಬಿಳಿ ಚಿಟ್ಟೆ ಇದೆ, ತೀರ ನಿಧಾನಕ್ಕೆ ಹಾರುವಂಥದು. 1980ರ ದಶಕದ ಕೊನೆಯಲ್ಲಿ, ಜನನಾಂಗದ ಅಳತೆ ನೋಡಿ, ಅದರಲ್ಲಿ ಎರಡು ಜಾತಿ ಇವೆ ಎಂದರು. ಹೊರಗಿನಿಂದ ರೆಕ್ಕೆ ನೋಡಿ ಹೇಳುವುದು ಸಾಧ್ಯವಿಲ್ಲ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಗೊತ್ತಾಗುತ್ತದೆ. ಸರಿ, ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡರೆ 2011ರಲ್ಲಿ ಡಿಎನ್‌ಎ ಮೂರನೆಯದನ್ನು ಹೊರತೆಗೆಯಿತು. ಅದರ ಅಂಗಗಳು ಎರಡನೆಯದರಂತೆಯೇ ಇವೆ! ಐರ್ಲೆಂಡಿನಲ್ಲಿ ಸುಣ್ಣಕಲ್ಲಿನ ಬರೆನ್ ಪ್ರದೇಶದಲ್ಲಿ ಹಾರುವುದು ಒಂದನೆಯದು, ಉಳಿದ ಕಡೆ ಹಾರುವುದು ಈ ಮೂರನೆಯದು. ಗುಡ್ಡದ ಮೇಲೆ ನಿಂತು ನೋಡುವವರಿಗೆ ಎರಡೂ ಬಿಳಿ ಚಿಟ್ಟೆ. ಆದರೆ ಚಿಟ್ಟೆಗಳಿಗೆ ತಮ್ಮವು ಯಾವುವು ಎಂಬುದರಲ್ಲಿ ಗೊಂದಲ ಇಲ್ಲ. ಗಂಡು ಬೇರೆ ಜಾತಿಯ ಹೆಣ್ಣಿನ ಬಳಿ ಹೋದರೂ ಹೆಣ್ಣು ಒಪ್ಪುವುದಿಲ್ಲ.

ಈಗ ತಿರುಗಿಸಿ ನೋಡೋಣ. ಕಣ್ಣಿಗೆ ಇಷ್ಟು ಹತ್ತಿರ ಇರುವವು ಬೇರೆ ಬೇರೆ ಎಂದಾದರೆ, ಕಣ್ಣಿಗೆ ಬೇರೆಯಾಗಿ ರಾಚುವವು ಏನು?

ಯುರೋಪಿನ ಕಾಗೆಗಳನ್ನು ತೆಗೆದುಕೊಳ್ಳಿ. ಪಶ್ಚಿಮದಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪಾದ ಕ್ಯಾರಿಯನ್ ಕಾಗೆ. ಪೂರ್ವ ಮತ್ತು ಉತ್ತರದಲ್ಲಿ ಬೂದು ಅಂಗಿ ತೊಟ್ಟಂಥ ಹೂಡೆಡ್ ಕಾಗೆ. ಇವೆರಡನ್ನು ಗುರುತಿಸಲು ಪುಸ್ತಕವೇ ಬೇಡ, ಓಡುವ ಬಸ್ಸಿನಿಂದ ನೋಡಿ ಹೇಳಬಹುದು. ಲಿನೇಯಸ್ 1758ರಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟರು. ಒಂದೇ ಥರ ಕಾಣುವ ವಾರ್ಬ್ಲರುಗಳನ್ನು ಒಟ್ಟಿಗೆ ಹಾಕಿದ ಅದೇ ವರ್ಷ, ಅದೇ ಪಟ್ಟಿ. ಸ್ಕಾಟ್‌ಲೆಂಡಿನಲ್ಲಿ, ಜರ್ಮನಿಯ ಎಲ್ಬೆ ನದಿಯ ಉದ್ದಕ್ಕೆ, ಇಟಲಿಯ ಉತ್ತರದಲ್ಲಿ ಇವೆರಡರ ಗಡಿಗಳು ತಾಗುತ್ತವೆ. ಅಲ್ಲಿ ಎರಡೂ ಕೂಡಿ ಮರಿ ಮಾಡುತ್ತವೆ, ನಡುವಣ ಬಣ್ಣದ ಮರಿಗಳು ಹುಟ್ಟಿ ಬೆಳೆದು ಮತ್ತೆ ಮರಿ ಮಾಡುತ್ತವೆ. 2014ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದವರು ಇವುಗಳ ಇಡೀ ಜೀನೋಮ್, ಅಂದರೆ ಡಿಎನ್‌ಎ ಪೂರ್ತಿ, ಓದಿದರು. ವ್ಯತ್ಯಾಸ ಇದ್ದದ್ದು ಶೇಕಡ ಒಂದಕ್ಕಿಂತಲೂ ಬಹಳ ಕಡಿಮೆ ಭಾಗದಲ್ಲಿ, ಅದರಲ್ಲೂ ಮುಖ್ಯವಾಗಿ ಬಣ್ಣಕ್ಕೆ ಸಂಬಂಧಿಸಿದ ಜೀನುಗಳಿರುವ ಒಂದು ತುಂಡಿನಲ್ಲಿ. ಉಳಿದದ್ದೆಲ್ಲ ಹೆಚ್ಚೂಕಡಿಮೆ ಒಂದೇ ಕಾಗೆ. ಹಾಗಿದ್ದೂ ಗಡಿ ಮಾತ್ರ ಕರಗಿಲ್ಲ. ತನ್ನ ಬಣ್ಣದ ಜೋಡಿಯನ್ನೇ ಆರಿಸುವ ಒಲವು ಅವುಗಳಲ್ಲಿ ಕಾಣುತ್ತದೆ. ಹಾಗಾಗಿ ಇದನ್ನು ಒಂದು ಎನ್ನಬೇಕೋ ಎರಡು ಎನ್ನಬೇಕೋ ಎಂಬಲ್ಲಿ ಪಟ್ಟಿಗಳು ಇನ್ನೂ ಒಂದಾಗಿಲ್ಲ. ನನ್ನನ್ನು ಕೇಳಿದರೆ ಒಂದು. ನಾಳೆ ಯಾರಾದರೂ ಒಳ್ಳೆಯ ಕಾರಣ ಕೊಟ್ಟರೆ ಎರಡು.

ರೆಡ್‌ಪೋಲ್ ವಿಷಯದಲ್ಲಿ ತೀರ್ಮಾನ ಆಗಿಹೋಗಿದೆ. ಹಣೆಯಲ್ಲಿ ಕೆಂಪು ಬೊಟ್ಟಿರುವ ಉತ್ತರದ ಸಣ್ಣ ಫಿಂಚ್ ಅದು. ಕಂದಾಗಿ ಚಿಕ್ಕದಾಗಿರುವುದು ಲೆಸ್ಸರ್, ನಡುವಿನದು ಕಾಮನ್, ಹಿಮದಷ್ಟು ಬೆಳ್ಳಗಿರುವುದು ಆರ್ಕ್ಟಿಕ್ ಎಂದು ಮೂರು ಜಾತಿ ಮಾಡಿದ್ದರು. ಸೊಂಟದ ಬಿಳುಪು ಎಷ್ಟು, ಬಾಲದ ಕೆಳಗಿನ ಗೀರು ಎಷ್ಟು ಎಂದು ಫೋಟೋ ಹಿಡಿದು ಜಗಳವಾಡಿದವರಿಗೆ ಲೆಕ್ಕವಿಲ್ಲ. 2021ರ ಒಂದು ಅಧ್ಯಯನ ತೋರಿಸಿದ್ದು ಇಷ್ಟು: ಈ ಬಿಳುಪು, ಕಂದು, ಕೊಕ್ಕಿನ ಆಕಾರ ಇವೆಲ್ಲ ಹೆಚ್ಚಾಗಿ ಒಂದು ವರ್ಣತಂತುವಿನಲ್ಲಿ ತಲೆಕೆಳಗಾಗಿ ಕೂತ ಒಂದೇ ತುಂಡಿಗೆ ಅಂಟಿಕೊಂಡಿವೆ. ಉಳಿದ ಕಡೆ ಮೂರೂ ಬೆರೆತುಹೋಗಿವೆ. 2024ರಲ್ಲಿ, ಹಕ್ಕಿ ನೋಡಿದವರು ಲೆಕ್ಕ ಕಳಿಸುವ ಈಬರ್ಡ್ ಎಂಬ ಜಾಲತಾಣದ ಪಟ್ಟಿ ಮೂರನ್ನೂ ಸೇರಿಸಿ ಒಂದು ಮಾಡಿತು. ತಾವು ನೋಡಿದ ಹಕ್ಕಿಗಳ ಜೀವಮಾನದ ಪಟ್ಟಿಯಲ್ಲಿ ಎರಡು ಹಕ್ಕಿ ಕಳೆದುಕೊಂಡವರ ಗೊಣಗಾಟ ಇನ್ನೂ ಕೇಳುತ್ತಿದೆ.

ನಮ್ಮ ಕರ್ನಾಟಕಕ್ಕೂ ಈ ವಾರ್ಬ್ಲರ್ ಕುಟುಂಬದ ನಂಟು ಇದೆ. ಫಿನ್‌ಲೆಂಡ್, ರಷ್ಯಾ ಕಡೆ ಮರಿ ಮಾಡುವ ಗ್ರೀನಿಶ್ ವಾರ್ಬ್ಲರ್ ಚಳಿಗಾಲ ಕಳೆಯಲು ಬರುವುದು ಭಾರತಕ್ಕೆ. ಡಿಸೆಂಬರಿನಲ್ಲಿ ಲಾಲ್‌ಬಾಗ್‌ನ ಮರಗಳಲ್ಲಿ ಚುರುಕಾಗಿ ಎರಡು ಅಕ್ಷರದ ಕೂಗು ಕೇಳಿದರೆ ಅದೇ. ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ಈ ಗುಂಪನ್ನು ಉಲಿಯಕ್ಕಿ ಎಂದು ಕರೆಯುತ್ತಾರೆ. ಕಾಕಸಸ್ ಕಡೆಯಿಂದ ಬರುವ ಅದರ ತೀರ ಹತ್ತಿರದ ನಂಟ ಗ್ರೀನ್ ವಾರ್ಬ್ಲರ್ ಚಳಿಗಾಲಕ್ಕೆ ಆರಿಸಿಕೊಳ್ಳುವುದು ಪಶ್ಚಿಮ ಘಟ್ಟದ ತೇವದ ಕಾಡನ್ನು. ಅದು ಇನ್ನೂ ಹಸಿರು, ಇನ್ನೂ ಹಳದಿ ಎನ್ನುತ್ತಾರೆ. ಗರಿ ಸವೆದ ಹಕ್ಕಿಯಲ್ಲಿ ಯಾರು ನೋಡಿದ್ದು? ಅದರ ಕೂಗಿನಲ್ಲಿ ಮೂರು ಅಕ್ಷರ. ಕೊಡಗಿನಲ್ಲಿ, ಆಗುಂಬೆಯಲ್ಲಿ ಹಕ್ಕಿ ನೋಡುವವರು ತಲೆ ಎತ್ತುವ ಮುಂಚೆ ಅಕ್ಷರ ಎಣಿಸುತ್ತಾರೆ.

ಗ್ರೀನಿಶ್ ವಾರ್ಬ್ಲರಿನದು ಇನ್ನೊಂದು ಸೋಜಿಗ. ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯನ್ನು ಸುತ್ತುವರಿದು ಇದರ ಬಳಗ ಉಂಗುರದ ಹಾಗೆ ಹರಡಿದೆ. ಪಶ್ಚಿಮದ ಕಡೆಯಿಂದ ಉತ್ತರಕ್ಕೆ ಹೋದಂತೆ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ, ಪೂರ್ವದ ಕಡೆಯಿಂದ ಹೋದರೂ ಹಾಗೆಯೇ. ಎರಡು ತುದಿಗಳೂ ಸೈಬೀರಿಯಾದ ನಡುವೆ ಒಂದನ್ನೊಂದು ಸಂಧಿಸುತ್ತವೆ. ಪಶ್ಚಿಮದ್ದರ ರೆಕ್ಕೆಯಲ್ಲಿ ಒಂದು ತಿಳಿ ಪಟ್ಟೆ, ಪೂರ್ವದ್ದರಲ್ಲಿ ಎರಡು. ಅಲ್ಲಿ ಅವು ಒಂದರ ಹಾಡಿಗೆ ಇನ್ನೊಂದು ಓಗೊಡುವುದಿಲ್ಲ, ಜೋಡಿಯಾಗುವುದೂ ಇಲ್ಲ ಎನ್ನುವಷ್ಟು ಅಪರೂಪ. ದಕ್ಷಿಣದಿಂದ ಉಂಗುರದ ಉದ್ದಕ್ಕೂ ನಡೆದು ಹೋದರೆ ಇಲ್ಲಿಂದ ಎರಡನೆಯ ಜಾತಿ ಶುರು ಎಂದು ಕೋಲು ನೆಡಲು ಮಾತ್ರ ಜಾಗ ಸಿಗುವುದು ಕಷ್ಟ.

ಇಷ್ಟೆಲ್ಲ ಓದಿಕೊಂಡರೂ ಸೆಪ್ಟೆಂಬರಿನಲ್ಲಿ ನನ್ನ ಮನೆಯ ಹಿಂದಿನ ಪೊದೆಯಲ್ಲಿ ಒಂದು ಹಳದಿ ವಾರ್ಬ್ಲರ್ ಬಾಯಿ ಬಿಡದೆ ಹುಳ ಹೆಕ್ಕುತ್ತಿದ್ದರೆ ಮಾಡುವುದೇನು? ಕಾಲು ಕಂದು ಅನ್ನಿಸುತ್ತದೆ, ಬಾಲ ಅದ್ದಿದಂತೆಯೂ ಕಾಣುತ್ತದೆ. ಇದಕ್ಕೆ ಇಲ್ಲಿನವರು ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಈಬರ್ಡ್‌ನಲ್ಲಿ ವಿಲ್ಲೋ ವಾರ್ಬ್ಲರ್, ಚಿಫ್‌ಚಾಫ್ ಎರಡರ ನಡುವೆ ಓರೆ ಗೆರೆ ಹಾಕಿ ಒಂದೇ ಸಾಲಿನಲ್ಲಿ ಕೊಟ್ಟಿರುತ್ತಾರೆ. ಎರಡರಲ್ಲಿ ಒಂದು, ಯಾವುದು ಹೇಳಲಾಗದು ಎಂದರ್ಥ. ಅದನ್ನು ಒತ್ತಲು ಹೊಸಬರು ನಾಚುತ್ತಾರೆ. ದಕ್ಷಿಣ ಇಂಗ್ಲೆಂಡಿನಲ್ಲಿ ಈಗ ವಿಲ್ಲೋ ವಾರ್ಬ್ಲರ್ ಕಡಿಮೆಯಾಗುತ್ತಿದೆ, ಚಿಫ್‌ಚಾಫ್ ಜಾಸ್ತಿಯಾಗುತ್ತಿದೆ. ಹೀಗಿರುವಾಗ ಅಂದಾಜಿನಲ್ಲಿ ಒಂದು ಹೆಸರು ಒತ್ತಿದರೆ ಆ ಲೆಕ್ಕವೇ ಹಾಳು. ನಾನು ಓರೆ ಗೆರೆಯ ಸಾಲನ್ನೇ ಒತ್ತುತ್ತೇನೆ, ಅಲ್ಲೇ ಐದು ನಿಮಿಷ ಕಾಯುತ್ತೇನೆ. ಶರತ್ಕಾಲದಲ್ಲೂ ಚಿಫ್‌ಚಾಫ್ ಕೆಲವೊಮ್ಮೆ ಎರಡು ಸಾಲು ಹಾಡಿಬಿಡುತ್ತದೆ. ಹಾಡಿದರೆ ತಿದ್ದುತ್ತೇನೆ, ಇಲ್ಲದಿದ್ದರೆ ಹಾಗೇ ಕಳಿಸುತ್ತೇನೆ.